ಮಣಿ ಸರದಲ್ಲಿ ಮೋಟಾರ್ ಡಾಟಾ: ನನ್ನ ಅನುಭವ

ಈ ಸಲದ ತೊಗರಿ ಹಂಗಾಮಿನಲ್ಲಿ ದಾಲ್ ಮಿಲ್ಲುಗಳಿಂದ ಬಂದ ಮೋಟಾರ್ ಸುಮಾರು 60-70 ಕಟ್ಟಿದೆ, ಅಂದರೆ ಹಳೇ ತಾರು ಬಿಚ್ಚಿ ಹೊಸದು ಸುತ್ತಿದೆ. ಡಾಟಾ, ಅಂದರೆ ಎಷ್ಟು ಸುತ್ತು, ಎಷ್ಟು ದಪ್ಪದ ತಾರು ಅನ್ನೋ ಲೆಕ್ಕ, ತಪ್ಪಿ ಒಂದೂ ವಾಪಸ್ ಬರಲಿಲ್ಲ. "ಓದ್ಲಿಕ್ಕ ಬರಲ್ದವಗ ರಿವೈಂಡಿಂಗ್ ಯಾಕ್ ಬೇಕೋ" ಅಂತಿದ್ದ ಕಲಬುರಗಿಯ ಅಂಗಡಿಯವರೇ ಈಗ ಬಂದು ನನ್ನ ಗೋಡೆಯ ಮಣಿ ಸರ ನೋಡಿ ಹೋಗ್ತಿದ್ದಾರೆ. ಅದಕ್ಕೇ ಇದನ್ನು ಹೇಳಬೇಕು ಅನ್ನಿಸಿತು. ಟೈಪ್ ಮಾಡಿದ್ದಲ್ಲ, ಮೊಬೈಲ್ ಮೈಕ್ ಒತ್ತಿ ಮಾತಾಡಿದ್ದು.

ನನಗೆ ಡಿಸ್ಲೆಕ್ಸಿಯಾ (ಓದು-ಬರಹದ ತೊಂದರೆ) ಇದೆ, ಆಟಿಸಂ ಕೂಡ. ಗೊತ್ತಾಗಿದ್ದು ನಲವತ್ತರ ಹತ್ತಿರ, ಮಗನನ್ನು ಡಾಕ್ಟರಿಗೆ ತೋರಿಸಲು ಹೋದಾಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಇವೆ, ಅವನಿಗೆ ಸರ್ಟಿಫಿಕೇಟ್ ಮಾಡಿಸಿದೆ. ನನ್ನದು ಹಾಗೇ ಉಳಿದಿದೆ. ಆ ಫಾರಂ ನೋಡಿದರೇ ತಲೆ ಸುತ್ತುತ್ತದೆ.

ಸ್ಟೇಟರ್, ಅಂದರೆ ಮೋಟಾರಿನಲ್ಲಿ ಕಾಯಿಲ್ ಕೂರುವ ತಿರುಗದ ಭಾಗ, ಒಮ್ಮೆ ನೋಡಿದರೆ ನನಗೆ ಸಾಕು. 36 ಸ್ಲಾಟಿನ (ತಾರು ಕೂರುವ ಸೀಳು) 4 ಪೋಲ್ ಬಾಸ್ಕೆಟ್ ವೈಂಡಿಂಗ್ ಅಂದರೆ ಎರಡು ದೊಡ್ಡ ಕಾಯಿಲ್, ಒಂದು ಸಣ್ಣದು, ಮತ್ತೆ ಎರಡು ದೊಡ್ಡದು, ಒಂದು ಸಣ್ಣದು. ಕಣ್ಣು ಮುಚ್ಚಿ ತಲೆಯಲ್ಲೇ ಅದನ್ನು ತಿರುಗಿಸಿ ನೋಡ್ತೇನೆ, ಕನೆಕ್ಷನ್ ಎಲ್ಲಿ ತಪ್ಪಿದೆ ಅಂತ ಅಲ್ಲೇ ಕಾಣುತ್ತದೆ. ಇದರಲ್ಲಿ ನನ್ನನ್ನು ಮೀರಿಸುವವರು ಈ ಗಲ್ಲಿಯಲ್ಲಿ ಇಲ್ಲ. ಆದರೆ ಅಂಕಿಗೆ ಚಿತ್ರ ಇಲ್ಲ. 64 ಟರ್ನ್ (ಸುತ್ತು) ಅಂತ ಎಣಿಸಿ 46 ಅಂತ ಬರೆದಿರುತ್ತೇನೆ. ಕಟ್ಟಿ ಮುಗಿಸಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದರೆ, ಸುತ್ತು ಕಮ್ಮಿ ಆಗಿ, ಹೊರೆ ಇಲ್ಲದ ನೋ-ಲೋಡಿನಲ್ಲೇ ಆಂಪ್ಸ್ ಮೇಲೆ. ಬಿಚ್ಚು, ಮತ್ತೆ ಕಟ್ಟು. 5 ಎಚ್‌ಪಿ ಒಂದು ಹಾಗೆ ಹೋದರೆ ಕಾಪರ್, ಪೇಪರ್, ಕೂಲಿ ಸೇರಿ ಮೂರು ಸಾವಿರದ ಮೇಲೆ ಕೈಯಿಂದ. ಒಂದು ವರ್ಷ ಹೀಗೇ 40 ಸಾವಿರದಷ್ಟು ಕಳೆದಿರಬೇಕು.

ಚೌಕದ ನೋಟ್‌ಬುಕ್ ಇಟ್ಟು ನೋಡಿದೆ. ಮೊಬೈಲಲ್ಲಿ ಫೋಟೋ ಹೊಡೆದಿಟ್ಟೆ, ತಪ್ಪು ಬರೆದದ್ದರ ಫೋಟೋನೂ ತಪ್ಪೇ ಅಲ್ವಾ? ದನಿ ರೆಕಾರ್ಡ್ ಮಾಡಿದೆ, ಆಮೇಲೆ ಯಾವ ಮೋಟಾರಿನದು ಯಾವುದು ಅಂತ ಹುಡುಕಲು ಮತ್ತೆ ಓದಬೇಕು. ಅಕ್ಷರದ ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟರೆ ಸರಿ ಹೋಗುತ್ತದೆ ಅಂತ ಯಾರೋ ಹೇಳಿದರು. ಹಳದಿ, ನೀಲಿ, ಗುಲಾಬಿ ಎಲ್ಲ ತಂದೆ. ನನಗಂತೂ ಏನೂ ಆಗಲಿಲ್ಲ. ಬರೆಯಲಿಕ್ಕೆ ಅಂತ ತಿಂಗಳಿಗೆ 8 ಸಾವಿರ ಕೊಟ್ಟು ಒಬ್ಬ ಹುಡುಗನನ್ನು ಇಟ್ಟೆ, ಹಂಗಾಮು ಶುರುವಾದ ಕೂಡಲೇ ಅವನು ಹೈದರಾಬಾದಿಗೆ ಹೋದ.

ಆಮೇಲೆ ದಾರದ ಗಂಟು. 46 ಗಂಟು ಎಣಿಸುವಷ್ಟರಲ್ಲಿ ಚಹಾ ಆರಿರುತ್ತದೆ. ತೊಗರಿ ಕಾಳು, ಹುಣಸೆ ಬೀಜ ಡಬ್ಬಿಯಲ್ಲಿ ಹಾಕಿಟ್ಟೆ, ಕಾಳಿಗೆ ಹುಳ ಬಿತ್ತು.

ಕೊನೆಗೆ ಹಿಡಿದಿದ್ದು ಮಣಿ. ದೊಡ್ಡ ನೀಲಿ ಮಣಿ ಅಂದರೆ ಹತ್ತು, ಸಣ್ಣ ಬಿಳಿ ಅಂದರೆ ಒಂದು. ನಾಲ್ಕು ನೀಲಿ, ಆರು ಬಿಳಿ. ಇದನ್ನು ತಿರುಗಿಸಿ ಹಿಡಿದರೂ ಅದು 64 ಆಗಲ್ಲ. ಅದೇ ದಾರಕ್ಕೆ ಹಳೇ ತಾರಿನ ತುಂಡು ಕಟ್ಟುತ್ತೇನೆ, ಎರಡು ತಾರು ಪ್ಯಾರಲಲ್ (ಜೊತೆಯಾಗಿ ಸುತ್ತಿದ್ದು) ಇದ್ದರೆ ಎರಡೂ. ಗೇಜಿಗೆ, ಅಂದರೆ ತಾರಿನ ದಪ್ಪಕ್ಕೆ, ಅಂಕಿಯೇ ಬೇಡ. ಇನ್ಸುಲೇಶನ್ ತೆಗೆದ ಹಳೇ ತಾರಿಗೆ ದಪ್ಪ ಅಳೆಯುವ ಮೈಕ್ರೋಮೀಟರ್ ಬಿಗಿ ಮಾಡಿ ಲಾಕ್ ಹಾಕಿ, ಅದರಲ್ಲೇ ಹೊಸ ತಾರಿನ ಕೆರೆದ ತುದಿ ತೂರಿಸಿ ನೋಡುತ್ತೇನೆ. ಸರದ ತುದಿಗೆ ಗಿರಾಕಿಯ ಗುರುತು: ಒಂದು ಮಿಲ್ಲಿಗೆ ಸೋಡಾ ಮುಚ್ಚಳ, ಇನ್ನೊಂದಕ್ಕೆ ಹಳೇ ಬೇರಿಂಗಿನ ಗುಂಡು.

ನನ್ನ ಉಸ್ತಾದರು ಬಂದು ಮೊಳೆಗೆ ನೇತಾಡುವ ಸರ ನೋಡಿ, "ಇದೇನ್ ವೈಂಡಿಂಗ್ ಅಂಗಡಿನೋ, ಬಳೆ ಅಂಗಡಿನೋ?" ಅಂದರು. ಹೋದ ತಿಂಗಳು ಅವರೇ ತಮ್ಮ ಅಂಗಡಿಯ ಕಷ್ಟದ ಮೋಟಾರ್ ಒಂದನ್ನು ನನ್ನ ಹತ್ತಿರ ಕಳಿಸಿದರು. ದುಡ್ಡು ತಗೊಳ್ಳಲಿಲ್ಲ, ಉಸ್ತಾದರಲ್ವಾ.

ಇನ್ನೊಂದು ತೊಂದರೆ ಸದ್ದು. ಗ್ರೈಂಡರ್, ಗಿರಾಕಿ, ಫೋನು ಎಲ್ಲ ಒಟ್ಟಿಗೆ ಬಂದರೆ ನನ್ನ ತಲೆಯೊಳಗಿನ ಚಿತ್ರ ಹಾರಿಹೋಗುತ್ತದೆ. ಸಾವಿರದ ಚಿಲ್ಲರೆ ಕೊಟ್ಟು ಕಿವಿ ಮುಚ್ಚುವ ಮಫ್ ತಂದೆ, ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಆಗುವ ಮಾತಲ್ಲ. ಈಗ ಕಾಯಿಲ್ ಸುತ್ತೋದು ಬೆಳಿಗ್ಗೆ ಐದರಿಂದ, ಶಟರ್ ಅರ್ಧ ಇಳಿಸಿ. ಯಾರಾದರೂ ಮಧ್ಯೆ ಮಾತಾಡಿಸಿದರೂ ಎಣಿಕೆ ತಪ್ಪದ ಹಾಗೆ ಒಂದು ಉಪಾಯ ಇದೆ. ಅದು ಹೇಳಲ್ಲ, ಅದರ ಮೇಲೇ ನನ್ನ ಹೊಟ್ಟೆ ನಡೀತಿದೆ.

ಮಾಡಿ ನೋಡುವವರು ಗಾಜಿನ ಮಣಿಯನ್ನೇ ತಗೊಳ್ಳಿ. ಬಣ್ಣ ಬಳಿದ ಪ್ಲಾಸ್ಟಿಕ್ ಮಣಿಗೆ ವಾರ್ನಿಶ್ ಕೈ ತಾಗಿದರೆ ಬಣ್ಣ ಬಿಡುತ್ತದೆ, ನೀಲಿ ಯಾವುದು ಬಿಳಿ ಯಾವುದು ತಿಳಿಯಲ್ಲ. ನನಗೆ ಎಲ್ಲ ಸೇರಿ 300 ರೂಪಾಯಿ ಒಳಗೇ ಆಯಿತು.