ಕಡಲಾಚೆಯ ಡೀಸೆಲ್ ಕಾರು ಅಮೆರಿಕಕ್ಕೆ ತರಬೇಕಾ? ಮೊದಲು ತಿಂಗಳು ಎಣಿಸಿ

ಅಮೆರಿಕದಲ್ಲಿ ಡೀಸೆಲ್ ಕಾರಿನ ಹುಚ್ಚು ಹಿಡಿದವರ ಕಷ್ಟ ಒಂದೇ ಥರದ್ದು. ಬೇಕಾದ ಕಾರು ಯಾವಾಗಲೂ ಕಡಲಾಚೆಯೇ ಇರುತ್ತದೆ. ಸ್ಕೋಡಾ ಆಕ್ಟೇವಿಯಾ ಟಿಡಿಐ (ಟರ್ಬೊ ಡೀಸೆಲ್ ಎಂಜಿನ್) ವ್ಯಾಗನ್, ಫೋಕ್ಸ್‌ವ್ಯಾಗನ್ ಲೂಪೋ 3ಎಲ್, ಡೀಸೆಲ್ ಲ್ಯಾಂಡ್ ಕ್ರೂಸರ್ 70. ಕೈಯಲ್ಲಿ ದುಡ್ಡಿದ್ದರೂ ನಂಬರ್ ಪ್ಲೇಟ್ ಸಿಗುವುದಿಲ್ಲ.

ಯುರೋಪಿನಲ್ಲಿ ಪಾಸಾದದ್ದು ಇಲ್ಲಿ ಫೇಲಾಗುವುದು ಮುಖ್ಯವಾಗಿ ನೈಟ್ರೋಜನ್ ಆಕ್ಸೈಡ್ ಹೊಗೆಯಿಂದ. ಯೂರೋ 5 ನಿಯಮ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.18 ಗ್ರಾಂ ಬಿಡಲು ಒಪ್ಪಿತ್ತು. ಅದೇ ಕಾಲದ ಅಮೆರಿಕದ ಟಿಯರ್ 2 ನಿಯಮದಲ್ಲಿ ಕಂಪನಿಯ ಕಾರುಗಳ ಸರಾಸರಿ ಮೈಲಿಗೆ 0.07 ಗ್ರಾಂ ದಾಟುವಂತಿರಲಿಲ್ಲ. ಕಿಲೋಮೀಟರ್ ಲೆಕ್ಕಕ್ಕೆ ಇಳಿಸಿದರೆ ಸುಮಾರು 0.04. ಪೆಟ್ರೋಲಿಗೂ ಡೀಸೆಲಿಗೂ ಒಂದೇ ಅಳತೆ. ಇದರ ಮೇಲೆ ಬಂಪರು, ದೀಪ, ಏರ್‌ಬ್ಯಾಗಿಗೆ ಬೇರೆಯೇ ಸುರಕ್ಷತಾ ನಿಯಮಗಳು. ಆಮದು ವಾಹನಗಳ ಸುರಕ್ಷತೆಯ 1988ರ ಕಾಯ್ದೆ ಬಂದ ಮೇಲೆ ಒಬ್ಬೊಬ್ಬರೇ ಕಾರು ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಯಿತು.

ಉಳಿದಿರುವ ಬಾಗಿಲು ವಯಸ್ಸು. ಕಾರಿಗೆ 25 ವರ್ಷ ತುಂಬಿದರೆ ಸುರಕ್ಷತಾ ನಿಯಮದಿಂದ ವಿನಾಯಿತಿ. ಹೊಗೆಯ ನಿಯಮಕ್ಕೆ 21 ವರ್ಷ ಸಾಕು. ದೊಡ್ಡದು 25, ಅದನ್ನೇ ಹಿಡಿದುಕೊಳ್ಳಿ.

ಮೊದಲ ಕೆಲಸ: ಹುಟ್ಟಿದ ತಿಂಗಳು ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. 25 ವರ್ಷ ಲೆಕ್ಕ ಹಾಕುವುದು ಕಾರು ತಯಾರಾದ ತಿಂಗಳಿಂದ, ಜಾಹೀರಾತಿನಲ್ಲಿ ಬರೆದ ವರ್ಷದಿಂದಲ್ಲ. ನಾನೂ ಒಮ್ಮೆ ವರ್ಷ ಮಾತ್ರ ನೋಡಿ ಮುಂಗಡ ಕೊಟ್ಟುಬಿಟ್ಟೆ. ಆಮೇಲೆ ನೋಡಿದರೆ ಕಾರು ಹುಟ್ಟಿದ್ದು ನವೆಂಬರಿನಲ್ಲಿ! ಹತ್ತು ತಿಂಗಳು ಜರ್ಮನಿಯ ಯಾರದ್ದೋ ಶೆಡ್ಡಿಗೆ ಸುಮ್ನೆ ಬಾಡಿಗೆ ಕಟ್ಟಿದೆ.

ಯುರೋಪಿನ ಎಷ್ಟೋ ಕಾರುಗಳಿಗೆ ಕಂಪನಿ ಹಾಕಿದ ಮಾಹಿತಿ ಪ್ಲೇಟಿನಲ್ಲಿ ತಯಾರಾದ ತಿಂಗಳು ಇರುವುದೇ ಇಲ್ಲ. ಮಾರುವವರಿಗೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು, ಬುಡದಲ್ಲಿ ಹೊಲಿದಿರುವ ಚೀಟಿಯ ಫೋಟೊ ಕಳಿಸಲು ಹೇಳಿ. ಬೆಲ್ಟ್ ತಯಾರಾದ ದಿನಾಂಕ ಅಲ್ಲಿರುತ್ತದೆ. ಕಾರು ತಯಾರಾದದ್ದು ಅದಾದ ಮೇಲೆ ಅಂತ ಅಂದಾಜು ಸಿಗುತ್ತದೆ. ಆದರೆ ಅಧಿಕಾರಿಗಳಿಗೆ ತೋರಿಸಲು ಈ ಚೀಟಿ ಸಾಲದು. ಮೊದಲ ಮಾರಾಟದ ಬಿಲ್ಲು, ಇಲ್ಲವೇ 25 ವರ್ಷದ ಹಿಂದೆಯೇ ನೋಂದಣಿಯಾಗಿತ್ತು ಎಂದು ಹೇಳುವ ದಾಖಲೆ ಬೇಕು. ಜರ್ಮನಿಯ ನೋಂದಣಿ ಪತ್ರದಲ್ಲಿ ಮೊದಲ ನೋಂದಣಿಯ ದಿನಾಂಕ ಇರುತ್ತದೆ. ಹಳೆಯ ಮೂಲಪ್ರತಿ ಸಿಕ್ಕರೆ ಬಿಡಬೇಡಿ.

ಆಮೇಲೆ ಕಾರು ಆರಿಸಿ

ಲೂಪೋ 3ಎಲ್ ನನಗೂ ಇಷ್ಟ. 100 ಕಿಲೋಮೀಟರಿಗೆ 3 ಲೀಟರ್ ಎಂಬ ಲೆಕ್ಕಕ್ಕೆ 1999ರಲ್ಲಿ ಬಂದ ಕಾರು. ಆದರೆ ಅದರ ಕ್ಲಚ್ಚನ್ನೂ ಗೇರನ್ನೂ ನಡೆಸುವ ಹೈಡ್ರಾಲಿಕ್ ಘಟಕ ಕೆಟ್ಟರೆ ಅಮೆರಿಕದಲ್ಲಿ ಕೈಹಾಕುವ ಮೆಕ್ಯಾನಿಕ್ ಸಿಗುವುದು ಕಷ್ಟ. 90 ಅಶ್ವಶಕ್ತಿಯ ಆಕ್ಟೇವಿಯಾ 1.9 ಟಿಡಿಐ ನನ್ನ ಆಯ್ಕೆ. ಅದರ ತಳಪಾಯ ಗಾಲ್ಫ್ ಮತ್ತು ಜೆಟ್ಟಾದ್ದೇ. ಎಂಜಿನ್ ಕೂಡ ಇಲ್ಲಿ ಮಾರಾಟವಾದ ಟಿಡಿಐಗಳ ವಂಶದ್ದೇ. ಬಿಡಿಭಾಗಕ್ಕೆ ಪ್ರತಿ ಸಲ ಯುರೋಪಿನ ಕಡೆ ನೋಡಬೇಕಾಗಿಲ್ಲ.

ಲ್ಯಾಂಡ್ ಕ್ರೂಸರ್ ಥರದ್ದಾದರೆ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ ವಿಡಿಯೋ ತರಿಸಿ. ಠಣ್ ಅಂದರೆ ಗಟ್ಟಿ. ಡಬ್ ಅಂದರೆ ಬಣ್ಣದ ಕೆಳಗೆ ತುಕ್ಕು ಕೂತಿದೆ. ಶಕ್ತಿ ಹೆಚ್ಚಿಸಲು ಚಿಪ್ ಹಾಕಿಸಿದ, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ವ್ಯವಸ್ಥೆ) ಮುಚ್ಚಿಸಿದ ಕಾರು ಬೇಡ. 21 ವರ್ಷದ ವಿನಾಯಿತಿ ಸಿಗುವುದು ಎಂಜಿನ್ ಮೂಲರೂಪದಲ್ಲಿ ಇದ್ದರೆ ಮಾತ್ರ.

ಹಡಗು, ಕಾಗದ, ಸುಂಕ

ಒಬ್ಬ ಕಸ್ಟಮ್ಸ್ ಬ್ರೋಕರನ್ನು ಹಿಡಿಯಿರಿ. ಈ ಖರ್ಚಿನಲ್ಲಿ ಜಿಪುಣತನ ಬೇಡ. ಫಾರಂ ಎರಡು. ಸುರಕ್ಷತೆಗೆ ಎಚ್‌ಎಸ್-7, ಅದರಲ್ಲಿ 1ನೇ ಬಾಕ್ಸ್. ಹೊಗೆಗೆ 3520-1, ಅದರಲ್ಲಿ 'ಇ' ಸಂಕೇತ. ಮಾರಾಟದ ರಸೀದಿ, ನೋಂದಣಿ ಪತ್ರ, ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ) ಜೊತೆಗಿರಲಿ. ಹಡಗಿಗೆ ಏರಿಸುವ ಮುನ್ನ ಕಾರಿನ ಅಡಿಯನ್ನು ಚೆನ್ನಾಗಿ ತೊಳೆಸಿ. ಹೊರಗಿನ ಮಣ್ಣು ಅಂಟಿದ್ದರೆ ಕೃಷಿ ಇಲಾಖೆಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ಕಾರಿಗೆ ಮೂಲ ಸುಂಕ ಶೇ 2.5. ಪಿಕಪ್ಪಿಗೆ ಶೇ 25! ಇದರ ಹಿಂದೆ ಕೋಳಿಯ ಕಥೆ ಇದೆ. ಯುರೋಪು ಅಮೆರಿಕದ ಕೋಳಿಗೆ ಸುಂಕ ಹೇರಿತು ಅಂತ 1964ರಲ್ಲಿ ಅಮೆರಿಕ ಟ್ರಕ್ಕಿಗೆ ಹಾಕಿದ ಸುಂಕ ಇದು. ಕೋಳಿ ಜಗಳ ಮರೆತುಹೋದರೂ ಹೈಲಕ್ಸ್ ಪಿಕಪ್ ತರಿಸುವವರು ಇನ್ನೂ ಕಟ್ಟುತ್ತಿದ್ದಾರೆ. 2025ರಿಂದ ಸುಂಕದ ದರಗಳು ಪದೇ ಪದೇ ಬದಲಾಗುತ್ತಿವೆ, ಹಡಗು ಹೊರಡುವ ವಾರದ ದರವನ್ನು ಬ್ರೋಕರನ್ನೇ ಕೇಳಿ.

ಅಡ್ಡದಾರಿ ಹೇಳುವವರು ಸಿಗುತ್ತಾರೆ

ಬಾಡಿ ಬೇರೆ, ಎಂಜಿನ್ ಬೇರೆ ತರಿಸಿ ಇಲ್ಲಿ ಜೋಡಿಸು ಅಂತಾರೆ. ಬಿಚ್ಚಿ ತಂದರೂ ಅಧಿಕಾರಿಗಳ ಕಣ್ಣಿಗೆ ಅದು ಕಾರೇ. ಕೆನಡಾದಲ್ಲಿ 15 ವರ್ಷ ಸಾಕಲ್ವಾ, ಅಲ್ಲಿಂದ ದಾಟಿಸು ಅಂತಾರೆ. ಗಡಿ ದಾಟಿದ ಕೂಡಲೇ ಮತ್ತೆ 25 ವರ್ಷದ ನಿಯಮವೇ. ವಯಸ್ಸು ಸಾಲದ ಕಾರಿಗೆ ಹಳೆ ಕಾರಿನ ಚಾಸಿ ನಂಬರ್ ಹೊಡೆಯುವುದಂತೂ ಅಪರಾಧವೇ. 2014ರ ಜುಲೈನಲ್ಲಿ ಹೀಗೆ ಅನುಮಾನ ಬಂದ ಸುಮಾರು 40 ಲ್ಯಾಂಡ್‌ರೋವರ್ ಡಿಫೆಂಡರುಗಳನ್ನು ಸರ್ಕಾರ ಮನೆ ಮನೆಗೆ ಹೋಗಿ ಎತ್ತಿಕೊಂಡು ಹೋಯಿತು. ದುಡ್ಡು ಕೊಟ್ಟು ಕೊಂಡವರ ಮನೆಗಳಿಂದ.

ಬಂದರಿನಿಂದ ಬಿಡಿಸಿಕೊಂಡ ಮೇಲೂ ರಾಜ್ಯದ ನೋಂದಣಿ ಬಾಕಿ. ಪ್ರತಿ ರಾಜ್ಯಕ್ಕೂ ಅದರದ್ದೇ ಪಟ್ಟು. ಕ್ಯಾಲಿಫೋರ್ನಿಯಾದಲ್ಲಿ 1997ರವರೆಗಿನ ಮಾದರಿಯ ಡೀಸೆಲ್ ಕಾರಿಗೆ ಹೊಗೆ ಪರೀಕ್ಷೆ ಇಲ್ಲ, 1998ರಿಂದ ಇದೆ. ಕಾರಿಗೆ ದುಡ್ಡು ಕಟ್ಟುವ ಮೊದಲೇ ನಿಮ್ಮ ರಾಜ್ಯದ ಡಿಎಂವಿಗೆ (ವಾಹನ ನೋಂದಣಿ ಕಚೇರಿ) ಹೋಗಿ ಕೇಳಿ. ಕಾರು ಮನೆಗೆ ಬಂದ ಮೇಲೆ, ಟಿಡಿಐ ಆಗಿದ್ದರೆ, ಟೈಮಿಂಗ್ ಬೆಲ್ಟ್ ಬದಲಿಸದೆ ಓಡಿಸಬೇಡಿ. ಅದು ಹರಿದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನೇ ಹೋಯಿತು.

ಇಷ್ಟೆಲ್ಲ ಓದಿ ಉತ್ಸಾಹ ಇಳಿದಿದ್ದರೆ 2003ರ ಜೆಟ್ಟಾ ಟಿಡಿಐ ವ್ಯಾಗನ್ ಹುಡುಕಿ, ಮ್ಯಾನ್ಯುವಲ್ ಗೇರಿನದ್ದು. ಆಕ್ಟೇವಿಯಾದ ದಾಯಾದಿಯೇ ಅದು, ಅಮೆರಿಕದಲ್ಲೇ ಮಾರಾಟವಾದದ್ದು. ಎಚ್‌ಎಸ್-7 ಬೇಡ, ಹಡಗೂ ಬೇಡ.