ಬೀದರಿನ ಸೂರ್ಯಕಿರಣ್ ನಿಮ್ಮ ಕಂಪ್ಯೂಟರಿನಲ್ಲಿ

ಯಲಹಂಕದ ಏರೋ ಇಂಡಿಯಾದಲ್ಲಿ ಒಂಬತ್ತು ಕೆಂಪು-ಬಿಳಿ ವಿಮಾನಗಳು ಒಟ್ಟಾಗಿ ಬರುವುದನ್ನು ಕತ್ತೆತ್ತಿ ನೋಡಿದವರಿಗೆ ಸೂರ್ಯಕಿರಣ್ ತಂಡದ ಪರಿಚಯ ಬೇಕಿಲ್ಲ. ವಾಯುಪಡೆಯ ಈ ತಂಡದ ಮನೆ ನಮ್ಮ ಬೀದರ್. 1996ರಲ್ಲಿ ಶುರುವಾದಾಗ ಇದ್ದದ್ದು ಎಚ್‌ಎಎಲ್‌ನ ಕಿರಣ್ ಮಾರ್ಕ್-2. 2011ರಲ್ಲಿ ತಂಡದ ಹಾರಾಟ ನಿಂತಿತು. ಕೆಲವು ವರ್ಷಗಳ ಬಳಿಕ ಹಾಕ್ ಮಾರ್ಕ್-132 ಏರಿ ಮರಳಿ ಬಂತು. ಆ ವಿಮಾನವನ್ನು ವಿಮಾನ ಹಾರಿಸುವ ಕಂಪ್ಯೂಟರ್ ಆಟವಾದ ಡಿಸಿಎಸ್ ವರ್ಲ್ಡ್ ಸಿಮ್ಯುಲೇಟರಿನಲ್ಲಿ ನಾವೇ ಹಾರಿಸುವಂತಿದ್ದರೆ ಚೆಂದ ಅಲ್ವಾ? ಸ್ವಲ್ಪ ತಾಳ್ಮೆಯಿದ್ದರೆ, ಅದನ್ನು ಹೋಲುವ ವಿಮಾನಕ್ಕೆ ಸೂರ್ಯಕಿರಣ್ ಬಣ್ಣ ಬಳಿದು ಹಾರಿಸಬಹುದು.

ಮೊದಲು ವಿಮಾನ ಆರಿಸಿ. ಡಿಸಿಎಸ್‌ನಲ್ಲಿ ಹಿಂದೆ ಹಾಕ್ ಇತ್ತು, ಈಗ ಮಾರಾಟಕ್ಕಿಲ್ಲ. ನನ್ನ ಆಯ್ಕೆ ಎಂಬಿ-339. ಇಟಲಿ ವಾಯುಪಡೆಯ ಪ್ರದರ್ಶನ ತಂಡ ಫ್ರೆಚ್ಚೆ ತ್ರಿಕೊಲೋರಿ 1982ರಿಂದ ಹಾರಿಸಿದ್ದು ಇದನ್ನೇ. ಹಾಕ್‌ನಂತೆ ಒಂದೇ ಎಂಜಿನ್, ಕೆಳಗೆ ರೆಕ್ಕೆ, ಒಂದರ ಹಿಂದೊಂದು ಸೀಟು. ಮೂತಿ, ಬಾಲ ಬೇರೆ ನಿಜ. ಆದರೆ ಇದರ ಪ್ಯಾನ್ ಆವೃತ್ತಿ ಪ್ರದರ್ಶನಕ್ಕೆಂದೇ ಇರುವುದು, ಹೊಗೆಯೂ ಬರುತ್ತದೆ. ಹೊಗೆ ಇಲ್ಲದ ಸೂರ್ಯಕಿರಣ್ ನನಗಂತೂ ಬೇಡ.

ಎರಡನೆಯದು ಫೋಲ್ಡರ್. ಆಟದಲ್ಲಿ ವಿಮಾನದ ಜೊತೆಗೇ ಬಂದ ಬಣ್ಣದ ಫೋಲ್ಡರೊಂದನ್ನು ಸೇವ್ಡ್ ಗೇಮ್ಸ್‌ನೊಳಗಿನ ಡಿಸಿಎಸ್, ಅದರೊಳಗಿನ ಲಿವರೀಸ್ (ವಿಮಾನಗಳ ಬಣ್ಣಗಳನ್ನಿಡುವ ಜಾಗ), ಅಲ್ಲಿ ವಿಮಾನದ ಹೆಸರಿನ ಫೋಲ್ಡರ್, ಅದರೊಳಗೆ ನಕಲು ಮಾಡಿ. ವಿಮಾನದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಆಟದಲ್ಲಿ ನಿಮ್ಮ ಬಣ್ಣ ಕಾಣುವುದಿಲ್ಲ. ಒಳಗಿನ ಡಿಸ್ಕ್ರಿಪ್ಷನ್ ಡಾಟ್ ಲುವಾ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಯಾವ ಭಾಗಕ್ಕೆ ಯಾವ ಚಿತ್ರ ಎಂಬುದು ಅಲ್ಲಿದೆ. ಸಾಲಿನ ಕೊನೆಯಲ್ಲಿ 'ಫಾಲ್ಸ್' ಇದ್ದರೆ ಚಿತ್ರವನ್ನು ನಿಮ್ಮ ಫೋಲ್ಡರಿನಿಂದ ತೆಗೆದುಕೊಳ್ಳುತ್ತದೆ, 'ಟ್ರೂ' ಇದ್ದರೆ ಆಟದ್ದೇ ಚಿತ್ರ.

ಈಗ ಬಣ್ಣ. ಆ ಫೋಲ್ಡರಿನ ಡಿಡಿಎಸ್ (ಆಟಗಳು ಬಳಸುವ ಒಂದು ಬಗೆಯ) ಚಿತ್ರಗಳನ್ನು ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ತೆರೆದು ಬಳಿಯಿರಿ. ಚಿತ್ರದಲ್ಲಿ ವಿಮಾನ ಬಿಚ್ಚಿಟ್ಟ ರಟ್ಟಿನ ಡಬ್ಬಿಯ ಹಾಗೆ ಹರಡಿರುತ್ತದೆ. ಮೂತಿಯ ಕೆಂಪು ಎಲ್ಲಿ ರೆಕ್ಕೆಯ ಕೆಂಪಿಗೆ ಸೇರುತ್ತದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಏರ್ ಶೋದಲ್ಲಿ ತೆಗೆದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬಿಸಿಲಲ್ಲಿ ತೆಗೆದ ಒಂದೇ ಫೋಟೋ ನಂಬಬೇಡಿ, ಕೆಂಪು ಕಿತ್ತಳೆಯ ಕಡೆ ವಾಲುತ್ತದೆ.

ಬಣ್ಣ ಸರಿಯಾದರೂ ವಿಮಾನ ಪ್ಲಾಸ್ಟಿಕ್ ಆಟಿಕೆಯಂತೆ ಕಂಡರೆ 'ರಫ್‌ಮೆಟ್' ಚಿತ್ರ ನೋಡಿ. ಅದರ ಹಸಿರು ಚಾನೆಲ್ ಒರಟುತನ ಹೇಳುತ್ತದೆ, ನೀಲಿ ಚಾನೆಲ್ ಲೋಹದ ಗುಣ. ಬಣ್ಣ ಬಳಿದ ಜಾಗದಲ್ಲಿ ನೀಲಿ ಕಪ್ಪಿಗೆ ಹತ್ತಿರವಿರಲಿ. ಹಸಿರನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೆನ್ನಿನ ಮೇಲೆ ಬಿಸಿಲಿನ ಸಣ್ಣ ಗೆರೆ ಹೊಳೆಯುತ್ತದೆ, ವಿಮಾನ ಹೊರಳಿದಂತೆ ಆ ಗೆರೆಯೂ ಜಾರುತ್ತದೆ. ಅಲ್ಲಿಗೆ ನಿಲ್ಲಿಸಿ. ಈ ಒಂದು ಕೆಲಸಕ್ಕೆ ನಾನು ಎರಡು ಸಂಜೆ ಕೊಟ್ಟಿದ್ದೇನೆ, ಜಾಸ್ತಿಯಾಯಿತು ಅನ್ನಿಸಿಲ್ಲ.

ಉಳಿಸುವಾಗ ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಚಿತ್ರದ ಚಿಕ್ಕ ಪ್ರತಿಗಳನ್ನೂ ಜೊತೆಗಿಡುವ) ಆಯ್ಕೆ ಮರೆಯಬೇಡಿ. ಇಲ್ಲದಿದ್ದರೆ ದೂರದಿಂದ ಗೆರೆಗಳು ಮಿಣಮಿಣ ಎನ್ನುತ್ತವೆ.

ಇನ್ನು ಹಾರಾಟ. ಆಟದಲ್ಲಿ ಒಂದು ಗುಂಪಿಗೆ ನಾಲ್ಕೇ ವಿಮಾನ, ಹಾಗಾಗಿ ಒಂಬತ್ತಕ್ಕೆ ಮೂರು ಗುಂಪು ಬೇಕು. ಕಂಪ್ಯೂಟರ್ ಪೈಲಟ್‌ಗಳಿಗಿಂತ ಗೆಳೆಯರೇ ವಾಸಿ. ಆದರೆ ನಿಮ್ಮ ಬಣ್ಣ ನೆಟ್‌ನಲ್ಲಿ ತಾನಾಗಿ ಹೋಗುವುದಿಲ್ಲ. ಪ್ರತಿಯೊಬ್ಬರೂ ಅದೇ ಫೋಲ್ಡರ್ ಹಾಕಿಕೊಳ್ಳಬೇಕು. ಇಲ್ಲದವರ ಪರದೆಯಲ್ಲಿ ನೀವು ಬೇರೆ ಬಣ್ಣದಲ್ಲಿ ಹಾರುತ್ತಿರುತ್ತೀರಿ.

ಬೀದರ್ ಈ ಆಟದ ಯಾವ ನಕ್ಷೆಯಲ್ಲೂ ಇಲ್ಲ. ಉಚಿತವಾಗಿ ಸಿಗುವ ಕಾಕಸಸ್ ನಕ್ಷೆಯಲ್ಲಿ ಬಟುಮಿಯ ಕಡಲ ತೀರ ಆರಿಸಿ, ನೀಲಿ ನೀರಿನ ಮೇಲೆ ಕೆಂಪು ಎದ್ದು ಕಾಣುತ್ತದೆ. ಜೂಮ್ ಒಂದೇ ಕಡೆ ಇರಲಿ, ಬದಲಾಯಿಸಿದರೆ ದೂರದ ಅಂದಾಜು ಕೆಡುತ್ತದೆ. ಮುಂದಿನ ವಿಮಾನದ ರೆಕ್ಕೆತುದಿಯನ್ನು ನಿಮ್ಮ ಗಾಜಿನ ಚೌಕಟ್ಟಿನ ಒಂದು ಬಿಂದುವಿಗೆ ಹೊಂದಿಸಿ, ಅದನ್ನೇ ನೋಡುತ್ತಿರಿ. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಅನ್ನು ಕೂದಲೆಳೆಯಷ್ಟು ಮುಂದೆ, ತಕ್ಷಣ ಅರ್ಧದಷ್ಟು ಹಿಂದೆ. ಆ ಬಿಂದು ಅಲುಗದೆ ನಿಂತ ಮೇಲೆ ಹೊಗೆ ಬಿಡಿ.