ಹೋಟೆಲ್ ಹುಡುಕುವುದು ಬಿಟ್ಟೆ, ದಿನಸಿ ಅಂಗಡಿ ಹುಡುಕಿದೆ

ಕಳೆದ ತಿಂಗಳು ನಾಲ್ಕು ಜನ ಗೆಳೆಯರನ್ನು ಒಂದು ಇಥಿಯೋಪಿಯನ್ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಟೈರ್ ಅಂಗಡಿಯ ಹಿಂದೆ, ರಸ್ತೆಯಿಂದ ಬೋರ್ಡು ಕೂಡ ಕಾಣದ ಜಾಗ. ಒಳಗೆ ಆರೇ ಟೇಬಲ್. ಒಂದೇ ದೊಡ್ಡ ತಟ್ಟೆಯಲ್ಲಿ ಇಂಜೆರಾ (ದೋಸೆಯಂಥ ಹುಳಿ ರೊಟ್ಟಿ) ಹಾಸಿ, ಮೇಲೆ ಎಂಟು ಬಗೆಯ ಪಲ್ಯ ಇಟ್ಟರು. ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಕೇಳಿದ, "ಇದು ಇಲ್ಲಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು ಮಾರಾಯ?"

ಮೂರು ವರ್ಷದ ಹಿಂದೆ ಇವರೇ ಹೇಳಿದ್ದು ಬೇರೆ. "ಮೂರು ಲಕ್ಷ ಜನ ಇರೋ ಊರಲ್ಲಿ ಹೊರದೇಶದ ಊಟ ಏನು ಸಿಗುತ್ತೆ? ಒಳ್ಳೇದು ಬೇಕು ಅಂದ್ರೆ ಎರಡು ಗಂಟೆ ಕಾರು ಓಡಿಸಿ ದೊಡ್ಡ ಊರಿಗೆ ಹೋಗು." ನಾನು ಹೋಗಲಿಲ್ಲ. ಇಲ್ಲೇ ಹುಡುಕಿದೆ. ಈಗ ನನ್ನ ನೋಟ್‌ಬುಕ್‌ನಲ್ಲಿ ಸುಮಾರು 110 ಹೋಟೆಲ್ ಇವೆ. ಅದರಲ್ಲಿ ಮತ್ತೆ ಹೋಗಬೇಕು ಅನ್ನಿಸುವುದು 26 ಇರಬಹುದು. ಮೊದಲ ವರ್ಷ 45 ಕಡೆ ತಿಂದು ಸಿಕ್ಕಿದ್ದು ನಾಲ್ಕೋ ಐದೋ ಅಷ್ಟೇ. ಉಳಿದದ್ದೆಲ್ಲ ದಾರಿ ಬದಲಿಸಿದ ಮೇಲೆ ಸಿಕ್ಕಿದ್ದು.

ಆ ಮೊದಲ ವರ್ಷದ ಕಥೆ ಹೇಳಲೇಬೇಕು. ದುಡ್ಡು ಹೋಗಿದ್ದೆಲ್ಲ ಆಗಲೇ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಫೋನಿನಲ್ಲಿ ಸ್ಟಾರ್ ನೋಡಿ, 4.6ಕ್ಕಿಂತ ಮೇಲಿದ್ದ ಕಡೆ ಮಾತ್ರ ಹೋದೆ. ಊಟದ ಖರ್ಚು ತಿಂಗಳಿಗೆ ಮೊದಲಿನ ಎರಡೂವರೆ ಪಟ್ಟಾಯಿತು. ಒಂದು ತಿಂಗಳಂತೂ ಬಾಡಿಗೆ ಬಿಟ್ಟರೆ ಅದೇ ದೊಡ್ಡ ಖರ್ಚು. ಸಿಕ್ಕಿದ್ದು ಚೆಂದದ ದೀಪ, ನಗುಮುಖದ ಸರ್ವರ್, ಎಲ್ಲಾ ಕಡೆಯೂ ಒಂದೇ ರುಚಿಯ ಸಿಹಿ ಸಾಸು. ಸ್ಟಾರ್ ಕೊಟ್ಟವರು ಯಾರು ಅಂತ ಕೂತು ಓದಿದೆ. ಹತ್ತರಲ್ಲಿ ಒಂಬತ್ತು ಜನ ನನ್ನ ಹಾಗೆ ಹೊರಗಿನವರೇ. ಆ ಅಡುಗೆಯನ್ನು ಚಿಕ್ಕಂದಿನಿಂದ ತಿಂದು ಬೆಳೆದವರು ಬರೆದದ್ದು ಕಡಿಮೆ. ಅವರು ಬರೆದ ಕಡೆ ಸ್ಟಾರೂ ಕಡಿಮೆ, ಸರ್ವಿಸ್ ಬಗ್ಗೆ ದೂರೂ ಜಾಸ್ತಿ. ಈಗ ನಾನು 3.6ರಿಂದ 4.2 ನಡುವೆ ಇರುವುದನ್ನು ಮೊದಲು ನೋಡುತ್ತೇನೆ. "ತುಂಬ ಹೊತ್ತು ಕಾಯಿಸಿದರು, ಊಟ ಮಾತ್ರ ಅಮ್ಮ ಮಾಡಿದ ಹಾಗಿತ್ತು" ಅಂತ ಒಂದು ಸಾಲು ಕಂಡರೆ ಅವತ್ತೇ ಹೊರಡುತ್ತೇನೆ.

ಥಾಯ್ ಹೋಟೆಲ್‌ಗಳಲ್ಲಿ ಜಾಸ್ತಿ ಕೈ ಸುಟ್ಟುಕೊಂಡೆ. ಊರಲ್ಲಿ ಏಳು ಇದ್ದವು. ಏಳಕ್ಕೂ ಹೋದೆ. ಏಳರಲ್ಲೂ ಹೆಚ್ಚುಕಮ್ಮಿ ಅದೇ ಮೆನು. ಥಾಯ್ಲೆಂಡ್ ಸರ್ಕಾರವೇ 2002ರ ಹೊತ್ತಿಗೆ ಹೊರದೇಶಗಳಲ್ಲಿ ಥಾಯ್ ಹೋಟೆಲ್ ಹೆಚ್ಚಿಸಲು ಯೋಜನೆ ಹಾಕಿಕೊಂಡಿತ್ತು ಅಂತ ಆಮೇಲೆ ಓದಿದೆ. ಅಂದರೆ ಥಾಯ್ ಹೋಟೆಲ್ ಇದೆ ಅಂದ ಮಾತ್ರಕ್ಕೆ ಊರಲ್ಲಿ ಥಾಯ್ ಜನ ಇದ್ದಾರೆ ಅಂತ ಅಲ್ಲ. ಬ್ರಿಟನ್‌ನಲ್ಲಿ 'ಇಂಡಿಯನ್' ಅಂತ ಬೋರ್ಡು ಹಾಕಿದ ಹೋಟೆಲ್‌ಗಳಲ್ಲಿ ಬಹಳಷ್ಟನ್ನು ನಡೆಸುವವರು ಬಾಂಗ್ಲಾದೇಶದ ಸಿಲೆಟ್ ಕಡೆಯವರು. 'ಮಂಗೋಲಿಯನ್ ಬಾರ್ಬೆಕ್ಯೂ' ಹುಟ್ಟಿದ್ದು ತೈವಾನ್‌ನಲ್ಲಿ, 1950ರ ದಶಕದಲ್ಲಿ. ಬೋರ್ಡಿನ ಮೇಲಿನ ದೇಶ ಬೇರೆ, ಒಲೆ ಮುಂದೆ ನಿಂತವರ ದೇಶ ಬೇರೆ. ಒಲೆ ಮುಂದೆ ಯಾರಿದ್ದಾರೆ, ಅವರು ಯಾರಿಗಾಗಿ ಅಡುಗೆ ಮಾಡುತ್ತಿದ್ದಾರೆ, ನನಗೆ ಬೇಕಾದ್ದು ಇವೆರಡೇ.

ಇನ್ನೊಂದು ಪ್ರಯತ್ನವೂ ಕೆಟ್ಟಿತು. ಲಾಸ್ ಏಂಜಲೀಸ್‌ನ ಜೊನಾಥನ್ ಗೋಲ್ಡ್ ಗೊತ್ತಲ್ಲ, 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಊಟದ ವಿಮರ್ಶಕರು. ಅವರು 1980ರ ದಶಕದ ಮೊದಲಲ್ಲಿ ಪೀಕೋ ಬುಲೆವಾರ್ಡ್ ಎಂಬ ಒಂದೇ ರಸ್ತೆಯ ಎಲ್ಲಾ ಹೋಟೆಲ್‌ಗಳಲ್ಲೂ ತಿನ್ನಬೇಕು ಅಂತ ಹೊರಟಿದ್ದರು. ನಾನೂ ನಮ್ಮ ಊರಿನ ಒಂದು ಉದ್ದ ರಸ್ತೆ ಆರಿಸಿಕೊಂಡು ಎರಡು ತಿಂಗಳು ತಿಂದೆ. 19 ಕಡೆ. ಒಂದೂ ಉಳಿಯಲಿಲ್ಲ. ದೊಡ್ಡ ನಗರದಲ್ಲಿ ರಸ್ತೆಗೆ ರಸ್ತೆಯೇ ಒಂದು ಸಮುದಾಯದ್ದಾಗಿರುತ್ತದೆ. ನಮ್ಮಂಥ ಊರಲ್ಲಿ ಹಾಗಲ್ಲ. ಇಲ್ಲೊಂದು, ಅಲ್ಲೊಂದು, ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ.

ದಾರಿ ತಿರುಗಿದ್ದು ಮನೆ ಅಡುಗೆಯಿಂದ. ಮಾಪೋ ತೋಫು ಅನ್ನುವ ಖಾರದ ಚೀನೀ ಅಡುಗೆ ಮಾಡೋಣ ಅಂತ ಸಿಚುವಾನ್ ಮೆಣಸು ಹುಡುಕಿಕೊಂಡು ಒಂದು ಚೀನೀ ದಿನಸಿ ಅಂಗಡಿಗೆ ಹೋದೆ. (ತೋಫು ಮೂರು ಸಲ ಮಾಡಿದೆ, ಮೂರು ಸಲವೂ ಪುಡಿಪುಡಿ ಆಯಿತು. ಮೊದಲು ಉಪ್ಪು ನೀರಲ್ಲಿ ಸ್ವಲ್ಪ ಬಿಸಿ ಮಾಡಿದರೆ ಗಟ್ಟಿ ನಿಲ್ಲುತ್ತದೆ ಅಂತ ನಾಲ್ಕನೇ ಸಲಕ್ಕೆ ಗೊತ್ತಾಯಿತು.) ಬಿಲ್ ಹಾಕುವ ಜಾಗದ ಪಕ್ಕದಲ್ಲಿ ಹತ್ತು ಹನ್ನೆರಡು ಡಬ್ಬಿ ಇಟ್ಟಿದ್ದರು. ಹೆಸರಿಲ್ಲ, ಬೆಲೆ ಮಾತ್ರ ಕೈಯಲ್ಲಿ ಬರೆದಿತ್ತು. ನಾನು ನಿಂತಿದ್ದ ಐದು ನಿಮಿಷದಲ್ಲಿ ಏಳು ಡಬ್ಬಿ ಖಾಲಿ. ಯಾರು ಮಾಡಿದ್ದು ಅಂತ ಅಂಗಡಿಯಾಕೆಯನ್ನು ಕೇಳಿದೆ. ಬಸ್ ನಿಲ್ದಾಣದ ಹಿಂದಿನ ಒಂದು ಹೋಟೆಲ್ ಹೆಸರು ಹೇಳಿದರು. ಅಲ್ಲಿಗೆ ನಾನು ಆಗಲೇ ಹೋಗಿ ಬಂದಿದ್ದೆ. ಕೆಟ್ಟದಾಗಿದೆ ಅಂತ ನೋಟ್‌ಬುಕ್‌ನಲ್ಲಿ ಗೀಟು ಕೂಡ ಹಾಕಿದ್ದೆ!

ಮತ್ತೆ ಹೋದೆ. ಈ ಸಲ ಮೆನು ಮುಟ್ಟಲಿಲ್ಲ. ಅಂಗಡಿಯಲ್ಲಿ ನೋಡಿದ ಡಬ್ಬಿಯ ಫೋಟೋ ತೋರಿಸಿದೆ. ಯಜಮಾನರು ಒಂದು ಕ್ಷಣ ನನ್ನ ಮುಖ ನೋಡಿದರು, ಒಳಗೆ ಕೂಗಿ ಏನೋ ಹೇಳಿದರು. ಬಂದ ಮೀನಿನ ಸಾರು ಇವತ್ತಿಗೂ ನನ್ನ ಪಟ್ಟಿಯಲ್ಲಿ ಮೊದಲ ಮೂರರಲ್ಲಿದೆ. ಅದೇ ಒಲೆ, ಅದೇ ಅಡುಗೆಯವರು. ಕೇಳುವ ರೀತಿ ಮಾತ್ರ ಬದಲಾಗಿತ್ತು.

ಅಲ್ಲಿಂದ ಹೋಟೆಲ್ ಹುಡುಕುವುದನ್ನೇ ನಿಲ್ಲಿಸಿದೆ. ಜನರನ್ನು ಹುಡುಕಲು ಶುರು ಮಾಡಿದೆ. ಯಾವ ದೇಶದವರು ಈ ಊರಿಗೆ ಬಂದಿದ್ದಾರೆ? ಯಾಕೆ ಬಂದರು? ಮಧ್ಯಮ ಗಾತ್ರದ ಊರುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದು ನಿಖರ ಕಾರಣ ಇರುತ್ತದೆ. ಅಮೆರಿಕದ ಯೂಟಿಕಾ ಊರಿಗೆ 1990ರ ದಶಕದಲ್ಲಿ ಬೋಸ್ನಿಯಾದ ನಿರಾಶ್ರಿತರು ಬಂದರು, ಬೋಸ್ನಿಯನ್ ಅಡುಗೆ ಅಲ್ಲಿ ಬೇರೂರಿತು. ಅಮೆರಿಕದ್ದೇ ಇನ್ನೊಂದು ಊರು ಫೋರ್ಟ್ ವೇನ್‌ನಲ್ಲಿ ಬರ್ಮಾದವರು. ಇಂಗ್ಲೆಂಡಿನ ಲೆಸ್ಟರ್‌ಗೆ 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಗುಜರಾತಿಗಳು ಬಂದರು. ಜರ್ಮನಿಯ ಊರೂರಲ್ಲೂ ಡೋನರ್ ಕಬಾಬ್ ಸಿಗುವುದಕ್ಕೆ 1961ರಲ್ಲಿ ಟರ್ಕಿಯ ಜೊತೆ ಆದ ಕೆಲಸಗಾರರ ಒಪ್ಪಂದವೇ ಮೂಲ. ನಿಮ್ಮ ಊರಲ್ಲೂ ಇಂಥದ್ದೊಂದು ಕಾರಣ ಇದ್ದೇ ಇರುತ್ತದೆ. ಮಾಂಸದ ಕಾರ್ಖಾನೆ, ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ, ಎಲ್ಲೋ ನಡೆದ ಯುದ್ಧ.

ಇದನ್ನು ಕಂಡುಹಿಡಿಯಲು ನಾನು ಬಳಸಿದ್ದು ಊರಿನ ಲೈಬ್ರರಿ. ಮಕ್ಕಳ ಪುಸ್ತಕದ ವಿಭಾಗಕ್ಕೆ ಹೋಗಿ, ಯಾವ ಯಾವ ಭಾಷೆಯ ಕಪಾಟು ಇದೆ ನೋಡಿ. ದೊಡ್ಡವರ ಪುಸ್ತಕ ಯಾರೋ ದಾನ ಕೊಟ್ಟದ್ದೂ ಇರಬಹುದು. ಮಕ್ಕಳ ಪುಸ್ತಕ, ಅದರಲ್ಲೂ ಮೂಲೆ ಸವೆದದ್ದು ಇದ್ದರೆ, ಆ ಭಾಷೆಯ ಸಂಸಾರಗಳು ಊರಲ್ಲಿವೆ ಅಂತಲೇ ಅರ್ಥ. ಸಂಸಾರ ಇದ್ದ ಕಡೆ ಒಳ್ಳೆ ಅಡುಗೆ ಇರುತ್ತದೆ. ನಮ್ಮ ಲೈಬ್ರರಿಯಲ್ಲಿ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಪುಸ್ತಕ ಒಂದೂವರೆ ಕಪಾಟು ಇತ್ತು. ಆಸ್ಪತ್ರೆಯ ಗೋಡೆ ಮೇಲೆ ಯಾವ ಭಾಷೆಗಳಲ್ಲಿ ಸೂಚನೆ ಅಂಟಿಸಿದ್ದಾರೆ ಅನ್ನುವುದೂ ಇದೇ ಲೆಕ್ಕ. ನಾನು ನೋಡುವ ಮೂರನೆಯ ಜಾಗ ಒಂದಿದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಆಮೇಲೆ ಆ ಜನರ ದಿನಸಿ ಅಂಗಡಿ. ಇಥಿಯೋಪಿಯನ್ ಅಂಗಡಿಯಲ್ಲಿ ಇಂಜೆರಾ ಪ್ಯಾಕೆಟ್ ನೋಡಿದೆ. ಕೆಲವು ದೂರದ ಊರಿಂದ ಬಂದವು. ಒಂದು ಕಟ್ಟು ಮಾತ್ರ ಇನ್ನೂ ಬೆಚ್ಚಗಿತ್ತು, ಪ್ಲಾಸ್ಟಿಕ್ ಒಳಗೆ ಹಬೆ ಕೂತಿತ್ತು. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ದಿನಗಟ್ಟಲೆ ಹುಳಿ ಬರಿಸಿ, ಬೇಯಿಸಿ, ಬಿಸಿ ಆರುವ ಮೊದಲೇ ತಂದಿಟ್ಟಿದ್ದಾರೆ ಅಂದರೆ ಅಡುಗೆಮನೆ ಹತ್ತಿರದಲ್ಲೇ ಇರಬೇಕು, ಅಲ್ವಾ? ಎಷ್ಟು ಹೊತ್ತಿಗೆ ತರುತ್ತಾರೆ ಅಂತ ಕೇಳಿಕೊಂಡು, ಮಾರನೇ ದಿನ ಆ ಹೊತ್ತಿಗೆ ಹೋಗಿ ನಿಂತೆ. ತಂದುಕೊಟ್ಟ ಹೆಂಗಸಿನ ಜೊತೆ ಮಾತಾಡಿದೆ. ಟೈರ್ ಅಂಗಡಿ ಹಿಂದಿನ ಹೋಟೆಲ್ ಸಿಕ್ಕಿದ್ದು ಹಾಗೆ. ಬುಧವಾರ, ಶುಕ್ರವಾರ ಬನ್ನಿ ಅಂತ ಅವರೇ ಹೇಳಿದರು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಆ ಎರಡು ದಿನ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಹಾಗಾಗಿ ಬೇಳೆ, ಸೊಪ್ಪು, ಕೋಸಿನ ಪಲ್ಯವೆಲ್ಲ ಸೇರಿದ ಬೆಯಾಯ್ನೆಟು ತಟ್ಟೆ ಆ ದಿನಗಳಲ್ಲಿ ಎಲ್ಲಕ್ಕಿಂತ ತಾಜಾ ಇರುತ್ತದೆ. ಗೆಳೆಯರನ್ನು ನಾನು ಕರೆದುಕೊಂಡು ಹೋಗಿದ್ದು ಶುಕ್ರವಾರವೇ.

ಹೊತ್ತಿನ ವಿಷಯ ಬಂತು, ಸ್ವಲ್ಪ ಹೇಳುತ್ತೇನೆ. ನಮಗೆ ಹೋಟೆಲ್ ಅಂದರೆ ಶನಿವಾರ ರಾತ್ರಿ. ಅದೇ ತಪ್ಪು. ವಿಯೆಟ್ನಾಮಿನ ಫೋ, ಅಂದರೆ ನೂಡಲ್ಸ್ ಹಾಕಿದ ಸಾರು, ಬೆಳಗಿನ ತಿಂಡಿ. ಬರ್ಮಾದ ಮೀನಿನ ನೂಡಲ್ಸ್ ಸಾರು ಮೊಹಿಂಗಾ ಕೂಡ ಅಷ್ಟೇ. ರಾತ್ರಿಯೆಲ್ಲ ಕುದಿಸಿದ ಸಾರು ಬೆಳಿಗ್ಗೆ ಎಂಟಕ್ಕೆ ಇದ್ದ ಹಾಗೆ ರಾತ್ರಿ ಎಂಟಕ್ಕೆ ಇರುವುದಿಲ್ಲ. ಒಂದೇ ಫೋ ಅಂಗಡಿಗೆ ಒಂದೇ ವಾರದಲ್ಲಿ ನಾಲ್ಕು ಬೇರೆ ಬೇರೆ ಹೊತ್ತಿಗೆ ಹೋಗಿ ತಿಂದು ನೋಡಿದೆ. ಹೆಂಡತಿಗೆ ಇದು ಹುಚ್ಚು ಅನ್ನಿಸಿತು. ಬೆಳಗಿನದು ಸ್ಪಷ್ಟವಾಗಿ ಗೆದ್ದಿತು. ಬೆಳಿಗ್ಗೆ ಎಂಟಕ್ಕೋ ಒಂಬತ್ತಕ್ಕೋ ಬಾಗಿಲು ತೆಗೆಯುವ ವಿಯೆಟ್ನಾಮೀಸ್ ಹೋಟೆಲ್ ತನ್ನವರಿಗಾಗಿ ಅಡುಗೆ ಮಾಡುತ್ತಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಹೀಗೆ ನೋಡಿದ ಐದರಲ್ಲಿ ನಾಲ್ಕು ಸರಿ ಬಂದವು. ಸೊಮಾಲಿ, ಯೆಮೆನಿ ಹೋಟೆಲ್‌ಗಳಿಗೆ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಹೋಗಿ. ಕುರಿಮಾಂಸದ ಅನ್ನದ ದೊಡ್ಡ ಪಾತ್ರೆ ಆಗ ತಾನೇ ಇಳಿಸಿರುತ್ತಾರೆ. ರಂಜಾನ್ ತಿಂಗಳು ಯಾವಾಗ ಅಂತ ನೋಡಿಕೊಳ್ಳಿ. ನಾನು ನೋಡದೆ ಒಂದು ಮಧ್ಯಾಹ್ನ ಊರಾಚೆ ತನಕ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆ.

ಬಾಡಿಗೆಯ ಪ್ರಯೋಗವೂ ಮಾಡಿದೆ. ಊರಿನ ನಕ್ಷೆಯ ಮೇಲೆ ನನ್ನ ಎಲ್ಲಾ ಹೋಟೆಲ್ ಗುರುತು ಹಾಕಿದೆ, ಒಳ್ಳೆಯದಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು. ನಡು ಊರೆಲ್ಲ ಕೆಂಪು. ಹಸಿರಿನ ಮುಕ್ಕಾಲು ಪಾಲು ಹಳೇ ಅಂಗಡಿ ಸಾಲು, ಗ್ಯಾರೇಜು, ಲಾಂಡ್ರಿ ಪಕ್ಕದಲ್ಲಿ. ಅಲ್ಲಿ ಊಟದ ಬೆಲೆ ನಡು ಊರಿನ ಅರ್ಧಕ್ಕಿಂತ ಕಡಿಮೆ. ಮೊದಲ ವರ್ಷ ಒಂದು ಊಟಕ್ಕೆ ಕೊಟ್ಟದ್ದರಲ್ಲಿ ಈಗ ಎರಡು, ಕೆಲವೊಮ್ಮೆ ಮೂರು ಊಟ ಆಗುತ್ತಿದೆ. ಕಡಿಮೆ ಬಾಡಿಗೆ ಒಂದನ್ನೇ ನಂಬಿ ಹೋದಾಗ ಮಾತ್ರ ಅರ್ಧಕ್ಕರ್ಧ ಸೋತೆ. ಅದರ ಜೊತೆ ಜನ, ಹೊತ್ತು ಎರಡೂ ಸೇರಬೇಕು.

ಒಳಗೆ ಕೂತ ಮೇಲೆ "ಇಲ್ಲಿ ಏನು ಚೆನ್ನಾಗಿದೆ?" ಅಂತ ಕೇಳಬೇಡಿ. ನಿಮ್ಮಂಥವರಿಗೆ ಹಿಡಿಸುವುದನ್ನೇ ತಂದಿಡುತ್ತಾರೆ, ಅದು ಅವರ ತಪ್ಪಲ್ಲ. "ನೀವು ಇವತ್ತು ಏನು ಊಟ ಮಾಡಿದಿರಿ?" ಅಂತ ಕೇಳಿ. ಎಷ್ಟೋ ಸಲ ಅದು ಮೆನುವಿನಲ್ಲೇ ಇರುವುದಿಲ್ಲ. ಗೋಡೆಗೆ ಅಂಟಿಸಿದ ಕೈಬರಹದ ಚೀಟಿಗಳ ಫೋಟೋ ತೆಗೆದು ಫೋನಿನಲ್ಲಿ ಅನುವಾದ ಮಾಡಿ ನೋಡಿ. ಅನುವಾದ ಅರ್ಧ ತಪ್ಪಿದ್ದರೂ ಮೀನೋ, ಕರುಳೋ, ಬದನೆಕಾಯೋ ಅನ್ನುವಷ್ಟು ತಿಳಿಯುತ್ತದೆ. ಮೊದಲ ಸಲ ಹೋದಾಗ ಬಾಗಿಲಲ್ಲೇ ನಾನು ಹೇಳುವ ಒಂದು ಮಾತಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹೇಳಲು ಶುರು ಮಾಡಿದರೆ ಅದಕ್ಕೆ ಬೆಲೆ ಇರುವುದಿಲ್ಲ.

ಎರಡು ನಷ್ಟ ಇನ್ನೂ ಮನಸ್ಸಿನಲ್ಲಿವೆ. ಮೀನಿನ ಸಾರಿನ ಹೋಟೆಲಿಗೆ ಒಮ್ಮೆ ಎಂಟು ಜನರನ್ನು ಕರೆದುಕೊಂಡು ಹೋದೆ, ಬಿಲ್ ನನ್ನದೇ. ಅಡುಗೆಯವರು ಹಿಂದಿನ ವಾರವೇ ಬೇರೆ ಊರಿಗೆ ಹೋಗಿದ್ದರು. ಬಂದ ಸಾರಲ್ಲಿ ಖಾರ ಇತ್ತು, ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ಇರಲಿಲ್ಲ. ಎರಡು ವಾರದ ಊಟದ ದುಡ್ಡು ಒಂದೇ ರಾತ್ರಿಗೆ ಹೋಯಿತು. ಪುಣ್ಯಕ್ಕೆ ಅವರು ನಾಲ್ಕು ತಿಂಗಳಾದ ಮೇಲೆ ವಾಪಸ್ ಬಂದರು. ಈಗ ಯಾರನ್ನಾದರೂ ಕರೆದುಕೊಂಡು ಹೋಗುವ ಮೊದಲು ಒಬ್ಬನೇ ಹೋಗಿ ಒಂದು ಬಟ್ಟಲು ಸಾರು ಕುಡಿದು ಬರುತ್ತೇನೆ. ಒಳ್ಳೆ ಹೋಟೆಲ್ ಅನ್ನುವುದು ಕಟ್ಟಡ ಅಲ್ಲ, ಒಬ್ಬ ಮನುಷ್ಯ.

ಎರಡನೆಯದು ದುಡ್ಡಿನದಲ್ಲ. ಒಂದು ಬರ್ಮಾ ಮನೆಯವರು ನಾಲ್ಕು ಟೇಬಲ್ ಇಟ್ಟುಕೊಂಡು ನಡೆಸುತ್ತಿದ್ದ ಜಾಗವನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎರಡು ತಿಂಗಳಲ್ಲಿ ಬಾಗಿಲಾಚೆ ಸಾಲು. ಆರು ತಿಂಗಳಲ್ಲಿ ಹುದುಗಿಸಿದ ಚಹಾ ಎಲೆಯ ಲಾಫೆಟ್‌ಗೆ ಸಕ್ಕರೆ ಬಿತ್ತು, ಮೊಹಿಂಗಾ ಮೆನುವಿನಿಂದಲೇ ಹೋಯಿತು. ಬಂದವರೆಲ್ಲ ಫ್ರೈಡ್ ರೈಸ್ ಕೇಳುತ್ತಿದ್ದರಂತೆ. ಮೊದಲು ಅಲ್ಲಿ ತಿನ್ನುತ್ತಿದ್ದ ಬರ್ಮಾ ಅಜ್ಜಂದಿರು ಈಗ ಬರುವುದಿಲ್ಲ. ಹೋಟೆಲಿನವರಿಗೆ ಆದಾಯ ಹೆಚ್ಚಾಯಿತು, ಅದು ಸಂತೋಷವೇ. ಆದರೂ ಆ ಅಜ್ಜಂದಿರನ್ನು ನೆನೆದರೆ ನನಗೆ ಬೇಜಾರಾಗುತ್ತದೆ. ಅವತ್ತಿನಿಂದ ಹೋಟೆಲ್ ಹೆಸರು ಎಲ್ಲೂ ಬರೆಯುವುದಿಲ್ಲ. ಬೇಕಾದವರನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಲೈಬ್ರರಿಯಲ್ಲಿ ಆಫ್ಘಾನಿಸ್ತಾನದ 'ದರಿ' ಭಾಷೆಯ ಮಕ್ಕಳ ಪುಸ್ತಕ ಹೊಸದಾಗಿ ಬಂದಿದ್ದು ಕಂಡೆ, ಒಂದು ಪೂರ್ತಿ ಸಾಲು. ರೈಲು ಹಳಿ ಪಕ್ಕದ ಒಂದು ದಿನಸಿ ಅಂಗಡಿಯಲ್ಲಿ ಮೊಳದುದ್ದದ ಆಫ್ಘನ್ ನಾನ್ ಕೂಡ ಸಿಕ್ಕಿತು, ಬರೀ ಪೇಪರಿನಲ್ಲಿ ಸುತ್ತಿದ್ದರು, ಕೆಳಗಡೆ ಇನ್ನೂ ಬಿಸಿ ಇತ್ತು. ಬೆಳಿಗ್ಗೆ ಏಳಕ್ಕೆ ತರುತ್ತಾರಂತೆ. ಶನಿವಾರ ಹೋಗಿ ನಿಲ್ಲುತ್ತೇನೆ.